ಮನೆಯ ಈಜುಕೊಳ: ಯಾವ ಕ್ಲೋರಿನ್, ಯಾವ ಫಿಲ್ಟರ್, ಯಾವ ರಿಪೇರಿ?

ಈಜುಕೊಳದ ಸಾಮಾನು ಮಾರುವ ಅಂಗಡಿಯಲ್ಲಿ ಎಲ್ಲ ಊರಿನವರಿಗೂ ಸಾಮಾನ್ಯವಾಗಿ ಒಂದೇ ಸಲಹೆ ಸಿಗುತ್ತದೆ. ಇಷ್ಟು ಲೀಟರ್‌ಗೆ ಇಷ್ಟು ಮಾತ್ರೆ ಹಾಕಿ. ವಾರಕ್ಕೊಮ್ಮೆ ಬ್ಯಾಕ್‌ವಾಷ್ ಮಾಡಿ, ಅಂದರೆ ಫಿಲ್ಟರ್‌ಗೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಕಸ ಹೊರಚೆಲ್ಲಿ. ನೀರು ತೀರಾ ಕೆಟ್ಟರೆ ಖಾಲಿ ಮಾಡಿ ಹೊಸದಾಗಿ ತುಂಬಿ. ಆದರೆ ದೇವನಹಳ್ಳಿ ಕಡೆಯ ಬೋರ್‌ವೆಲ್ ನೀರಿಗೂ ಪುತ್ತೂರಿನ ಬಾವಿ ನೀರಿಗೂ ಒಂದೇ ಮದ್ದು ಹೇಗೆ ಹೊಂದುತ್ತದೆ? ಬಯಲುಸೀಮೆಯ ನೀರು ಬಹುಪಾಲು ಗಡಸು. ಕರಾವಳಿ, ಮಲೆನಾಡಿನ ಮುರಕಲ್ಲು ನೆಲದ ನೀರು ಮೆದು, ಸ್ವಲ್ಪ ಹುಳಿ ಗುಣದ್ದು, ಕೆಲವೆಡೆ ಕಬ್ಬಿಣದ ಅಂಶವೂ ಇರುತ್ತದೆ. ಒಂದು ಕಡೆ ಟೈಲ್ಸ್ ಮೇಲೆ ಸುಣ್ಣ ಕಟ್ಟುತ್ತದೆ. ಇನ್ನೊಂದು ಕಡೆ ಅದೇ ಟೈಲ್ಸ್ ನಡುವಿನ ಸಿಮೆಂಟನ್ನು ನೀರೇ ಕರಗಿಸಿಕೊಂಡು ಹೋಗುತ್ತದೆ.

ಹಾಗಾಗಿ ಕ್ಲೋರಿನ್ ಆಗಲಿ, ಫಿಲ್ಟರ್ ಆಗಲಿ, ರಿಪೇರಿ ಆಗಲಿ, ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇದನ್ನು ಆರಿಸಿಕೊಂಡರೆ ಕೊಳ ಖಾಲಿ ಮಾಡಬೇಕಾದ ದಿನ ಹತ್ತಿರ ಬರುತ್ತದೋ, ದೂರ ಹೋಗುತ್ತದೋ? ನಮ್ಮ ಕಡೆ ದುಬಾರಿ ಆಗುವುದು ಔಷಧಿಯಲ್ಲ, ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು. ತಪ್ಪಿದರೆ 5,000 ರೂಪಾಯಿ ದಂಡ. ಅಂಥ ಬೇಸಿಗೆ ಮತ್ತೆ ಬರುವುದಿಲ್ಲ ಎಂದು ಯಾರೂ ಹೇಳಲಾರರು. ತುಂಬಿದ ನೀರನ್ನು ವರ್ಷಗಟ್ಟಲೆ ಚೆನ್ನಾಗಿ ಇಟ್ಟುಕೊಳ್ಳುವುದನ್ನು ಕಲಿತವರಿಗೆ ಅಂಥ ಬೇಸಿಗೆಯಲ್ಲೂ ಕೊಳ ಉಳಿಯುತ್ತದೆ.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳ. ಅಂದರೆ 40,000 ಲೀಟರ್. 12,000 ಲೀಟರ್‌ನ ಟ್ಯಾಂಕರ್ ಮೂರು ಸಲ ಬಂದರೂ ತುಂಬುವುದಿಲ್ಲ. ಮುಂದೆ ಬರುವ ಲೆಕ್ಕವೆಲ್ಲ ಈ ಕೊಳದ್ದೇ. ನಿಮ್ಮದು ಚಿಕ್ಕದಿದ್ದರೆ, ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಇಳಿಸಿ, ಏರಿಸಿ.

ಕ್ಲೋರಿನ್: ಇಲ್ಲೇ ಹೆಚ್ಚಿನವರು ಎಡವುವುದು

ಮನೆಯ ಕೊಳಕ್ಕೆ ಸಿಗುವ ಕ್ಲೋರಿನ್ ಮುಖ್ಯವಾಗಿ ನಾಲ್ಕು ರೂಪದಲ್ಲಿ ಬರುತ್ತದೆ. ಕ್ಯಾನ್‌ನಲ್ಲಿ ಬರುವ ದ್ರವ, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಪುಡಿ ಅಥವಾ ಹರಳಿನ ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಅದರ ಬಡ ತಮ್ಮನಾದ ಬ್ಲೀಚಿಂಗ್ ಪೌಡರ್. ಟಿಸಿಸಿಎ ಎಂದು ಮಾರುವ ಗಟ್ಟಿ ಮಾತ್ರೆ. ಕೊನೆಗೆ ಉಪ್ಪಿನಿಂದ ಕ್ಲೋರಿನ್ ತೆಗೆಯುವ ಯಂತ್ರ. ನಾಲ್ಕರಲ್ಲೂ ರೋಗಾಣು ಕೊಲ್ಲುವ ವಸ್ತು ಒಂದೇ. ಕೊಲ್ಲುವ ಕೆಲಸ ಮುಗಿದ ಮೇಲೆ ನೀರಿನಲ್ಲಿ ಏನು ಉಳಿಯುತ್ತದೆ ಎನ್ನುವುದು ಬೇರೆ ಬೇರೆ. ಆರಿಸಿಕೊಳ್ಳುವಾಗ ಆ ಉಳಿಕೆಯನ್ನೇ ನೋಡಬೇಕು.

ಮಾತ್ರೆಯಿಂದ ಶುರು ಮಾಡುತ್ತೇನೆ. ಅದು ಅತ್ಯಂತ ಸುಲಭ, ಅದಕ್ಕೇ ಎಲ್ಲರಿಗೂ ಇಷ್ಟ. ತೇಲುವ ಡಬ್ಬಿಯಲ್ಲಿ ಹಾಕಿಬಿಟ್ಟರೆ ವಾರ ನೋಡಬೇಕಿಲ್ಲ. 90 ಶೇಕಡಾ ಕ್ಲೋರಿನ್ ಇರುತ್ತದೆ, ಬೇಗ ಹಳಸುವುದಿಲ್ಲ. ಆದರೆ ಪ್ರತಿ ಮಾತ್ರೆಯ ಜೊತೆ ಸಯನ್ಯೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ. ಇದು ಸ್ವಲ್ಪ ಇದ್ದರೆ ಒಳ್ಳೆಯದೇ. ಬಿಸಿಲಿಗೆ ತೆರೆದ ಕೊಳದಲ್ಲಿ ಇದಿಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಅರ್ಧ ಕ್ಲೋರಿನ್ ಒಂದು ಗಂಟೆಯೊಳಗೇ ಹೋಗಿಬಿಡುತ್ತದೆ. 30ರಿಂದ 50 ಪಿಪಿಎಂ, ಅಂದರೆ ಲೀಟರ್‌ಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಸಾಕು. ತೊಂದರೆ ಏನೆಂದರೆ ಕ್ಲೋರಿನ್ ಖರ್ಚಾಗುತ್ತದೆ, ಈ ಆಮ್ಲ ಖರ್ಚಾಗುವುದಿಲ್ಲ. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಬಂದಾಗಲೆಲ್ಲ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲ ಉಳಿಯುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಕಾಗುವ ಕೊಳದಲ್ಲಿ ತಿಂಗಳಿಗೆ 36 ಪಿಪಿಎಂ. ಮೂರು ತಿಂಗಳಲ್ಲಿ 100 ದಾಟುತ್ತದೆ.

ಆಗ ಏನಾಗುತ್ತದೆ? ಟೆಸ್ಟ್ ಕಿಟ್ 3 ಪಿಪಿಎಂ ಕ್ಲೋರಿನ್ ಇದೆ ಎನ್ನುತ್ತದೆ, ಗೋಡೆಯಲ್ಲಿ ಪಾಚಿ ಬೆಳೆಯುತ್ತಲೇ ಇರುತ್ತದೆ. ಕ್ಲೋರಿನ್ ಇದೆ, ಆದರೆ ಅದರ ಕೈ ಕಟ್ಟಿಹಾಕಿದೆ. ಮನೆಯವರು ಇನ್ನೂ ಎರಡು ಮಾತ್ರೆ ಹಾಕುತ್ತಾರೆ, ಆಮ್ಲ ಇನ್ನೂ ಏರುತ್ತದೆ. 100ರಿಂದ 50ಕ್ಕೆ ಇಳಿಸಲು ಇರುವ ನಂಬಿಕೆಯ ದಾರಿ ಒಂದೇ: ಅರ್ಧ ನೀರು ಚೆಲ್ಲಿ ಹೊಸ ನೀರು ತುಂಬುವುದು. ಅಂದರೆ 20,000 ಲೀಟರ್. ಸುಲಭದ ಮಾತ್ರೆಯ ನಿಜವಾದ ಬೆಲೆ ಆ ಟ್ಯಾಂಕರ್ ಬಿಲ್‌ನಲ್ಲಿದೆ.

ಕ್ಯಾಲ್ಸಿಯಂ ಹೈಪೋಕ್ಲೋರೈಟ್‌ನಲ್ಲಿ ಈ ಆಮ್ಲದ ಕಾಟ ಇಲ್ಲ. ಶೇಕಡಾ 65ರಿಂದ 70 ಕ್ಲೋರಿನ್ ಇರುತ್ತದೆ. ಆದರೆ 10 ಪಿಪಿಎಂ ಕ್ಲೋರಿನ್ ಜೊತೆಗೆ 7 ಪಿಪಿಎಂ ಗಡಸುತನ ಸೇರುತ್ತದೆ. ಅದೇ ದಿನಕ್ಕೆ 2 ಪಿಪಿಎಂ ಲೆಕ್ಕದಲ್ಲಿ ತಿಂಗಳಿಗೆ 42. ಕೊಳದ ನೀರಿನಲ್ಲಿ ಗಡಸುತನ 200ರಿಂದ 400 ಇರಬೇಕು. ಮಂಗಳೂರು, ಉಡುಪಿ, ಸಾಗರ, ಮಡಿಕೇರಿ ಕಡೆಯ ಮೆದು ನೀರಿಗೆ ಇದು ದೋಷವಲ್ಲ, ಉಪಕಾರ. ಬೇಕಾದ ಕ್ಯಾಲ್ಸಿಯಂ ತಾನಾಗಿ ಸಿಗುತ್ತದೆ, ಟೈಲ್ಸ್ ಸಂದಿನ ಗ್ರೌಟ್ ಕರಗುವುದು ಕಡಿಮೆಯಾಗುತ್ತದೆ. ಆದರೆ ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯದ ಗಡಸು ಬೋರ್‌ವೆಲ್ ನೀರಿಗೆ ಇದನ್ನು ದಿನವೂ ಹಾಕುವುದು ಸುಣ್ಣಕ್ಕೆ ಸುಣ್ಣ ಸೇರಿಸಿದ ಹಾಗೆ.

ಬ್ಲೀಚಿಂಗ್ ಪೌಡರ್ ಇದರದೇ ಅಗ್ಗದ ರೂಪ. ಕ್ಲೋರಿನ್ ಹೆಚ್ಚೆಂದರೆ ಶೇಕಡಾ 35ರ ಒಳಗೆ, ಉಳಿದದ್ದರಲ್ಲಿ ಸುಣ್ಣವೇ ಜಾಸ್ತಿ. ತೆರೆದಿಟ್ಟ ಚೀಲದಲ್ಲಿ ಅದೂ ಇಳಿಯುತ್ತಾ ಹೋಗುತ್ತದೆ. ಬೇರೇನೂ ಸಿಗದಿದ್ದಾಗ ಬಳಸಿ. ನೀರು ತುಂಬಿದ ಪ್ಲಾಸ್ಟಿಕ್ ಬಕೆಟ್‌ಗೆ ಪುಡಿ ಹಾಕಿ ಕಲಸಿ, ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಸುರಿಯಿರಿ. ನೇರವಾಗಿ ಎರಚಿದರೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಫಿಲ್ಟರ್ ಗಟ್ಟಿಯಾಗುತ್ತದೆ.

ಬಯಲುಸೀಮೆಯ ಮನೆಗೆ ನನ್ನ ಮೊದಲ ಆಯ್ಕೆ ದ್ರವ ಕ್ಲೋರಿನ್. ಕೆಲಸ ಮುಗಿದ ಮೇಲೆ ಸ್ವಲ್ಪ ಉಪ್ಪು ಬಿಟ್ಟರೆ ಇನ್ನೇನೂ ಉಳಿಯುವುದಿಲ್ಲ. ಸುಣ್ಣ ಇಲ್ಲ, ಸಯನ್ಯೂರಿಕ್ ಆಮ್ಲ ಇಲ್ಲ. ಶೇಕಡಾ 10ರ ದ್ರವ ಒಂದು ಲೀಟರ್ ಸುರಿದರೆ ನಮ್ಮ 40,000 ಲೀಟರ್ ಕೊಳದಲ್ಲಿ 2.5 ಪಿಪಿಎಂ ಏರುತ್ತದೆ. ಲೆಕ್ಕವೂ ಸುಲಭ ಅಲ್ವಾ? ಅನನುಕೂಲ ಎರಡು. ಮೊದಲನೆಯದು, ದಿನವೂ ಅಥವಾ ದಿನ ಬಿಟ್ಟು ದಿನ ಸುರಿಯಬೇಕು. ಎರಡನೆಯದು, ಅದು ಬೇಗ ಹಳಸುತ್ತದೆ. ಬಿಸಿಲಲ್ಲಿ, ಸೆಕೆಯಲ್ಲಿ ಇಟ್ಟ ಕ್ಯಾನ್ ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಅಗ್ಗ ಎಂದು ಒಟ್ಟಿಗೆ ನಾಲ್ಕು ಕ್ಯಾನ್ ತರಬೇಡಿ. ಮಾರಾಟ ಚೆನ್ನಾಗಿರುವ ಅಂಗಡಿಯಿಂದ ಎರಡು ವಾರಕ್ಕೆ ಆಗುವಷ್ಟು ತನ್ನಿ, ನೆರಳಲ್ಲಿಡಿ. ಸಂಜೆ ಬಿಸಿಲು ಇಳಿದ ಮೇಲೆ, ಪಂಪ್ ಓಡುತ್ತಿರುವಾಗ ಸುರಿಯಿರಿ. ಬೇಸಿಗೆಗೆ ಮೊದಲು ಒಮ್ಮೆ ಸಯನ್ಯೂರಿಕ್ ಆಮ್ಲವನ್ನು ಬೇರೆಯಾಗಿ 30 ಪಿಪಿಎಂಗೆ ಏರಿಸಿಕೊಂಡರೆ ದ್ರವ ಕ್ಲೋರಿನ್ ಬಿಸಿಲಿಗೆ ತಡೆಯುತ್ತದೆ. ಮಾತ್ರೆಯನ್ನು ಪೂರ್ತಿ ದೂರ ಇಡಬೇಕೆಂದಲ್ಲ. ಊರಿಗೆ ಹೋಗುವಾಗ, ಹಬ್ಬಕ್ಕೆ ಒಂದು ವಾರ ಮನೆ ಬೀಗ ಹಾಕುವಾಗ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮಲೆನಾಡಿನಲ್ಲಿ ಮಳೆಗಾಲದ ಮೂರು ತಿಂಗಳು ಕೊಳ ಉಕ್ಕಿ ಹರಿಯುವುದರಿಂದ ಅಲ್ಲಿ ಮಾತ್ರೆಯ ಉಳಿಕೆಯೂ ತೊಳೆದುಹೋಗುತ್ತದೆ.

ಇನ್ನು ಉಪ್ಪಿನ ಯಂತ್ರ. "ಉಪ್ಪು ನೀರಿನ ಕೊಳ, ಕ್ಲೋರಿನ್ ಇಲ್ಲ" ಎಂದು ಮಾರುವವರಿದ್ದಾರೆ. ಅದು ಸರಿಯಲ್ಲ. ಉಪ್ಪಿನಿಂದ ಅಲ್ಲೇ ಕ್ಲೋರಿನ್ ತಯಾರಾಗುತ್ತದೆ, ಅಷ್ಟೇ. ನೀರಲ್ಲಿ 3,000ದಿಂದ 4,000 ಪಿಪಿಎಂ ಉಪ್ಪು ಬೇಕು. ನಮ್ಮ ಕೊಳಕ್ಕೆ ಶುರುವಿನಲ್ಲಿ 140 ಕಿಲೋದಷ್ಟು. ಸಮುದ್ರದ ನೀರಿಗೆ ಹೋಲಿಸಿದರೆ ಇದು ಹತ್ತನೇ ಒಂದು ಭಾಗ, ಕಣ್ಣು ಉರಿಯುವುದಿಲ್ಲ. ದಿನವೂ ಸುರಿಯುವ ಕೆಲಸ ತಪ್ಪುತ್ತದೆ, ನೀರು ಹಿತವಾಗಿರುತ್ತದೆ. ಆದರೆ ಗಡಸು ನೀರಿನಲ್ಲಿ ಯಂತ್ರದ ಸೆಲ್ ಒಳಗಿನ ತಗಡುಗಳ ಮೇಲೆ ಸುಣ್ಣ ಕಟ್ಟುತ್ತದೆ. ಅದನ್ನು ತೆಳು ಆಸಿಡ್‌ನಲ್ಲಿ ಮತ್ತೆ ಮತ್ತೆ ತೊಳೆದಷ್ಟೂ ತಗಡಿನ ಲೇಪ ಸವೆಯುತ್ತದೆ. ಯಂತ್ರದಲ್ಲಿ ಅತಿ ದುಬಾರಿ ಭಾಗ ಆ ಸೆಲ್‌ನದೇ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರುತ್ತಲೇ ಇರುವುದರಿಂದ ಅದನ್ನು ಇಳಿಸಲು ಕೊಳಕ್ಕೆ ಹಾಕುವ ಆಸಿಡ್ ಖರ್ಚೂ ಜಾಸ್ತಿ. ಕರೆಂಟ್ ಹೋದರೆ ಕ್ಲೋರಿನ್ ಇಲ್ಲ. ತೋಟದ ಮನೆಯವರು ಇನ್ನೊಂದು ವಿಷಯ ಗಮನಿಸಬೇಕು: ಈ ಕೊಳದ ಬ್ಯಾಕ್‌ವಾಷ್ ನೀರನ್ನು ಗಿಡಗಳಿಗೆ ಬಿಡುವಂತಿಲ್ಲ, ಮಣ್ಣು ಉಪ್ಪಾಗುತ್ತದೆ. ಮೆದು ನೀರು, ನಂಬಿಕೆಯ ಕರೆಂಟ್, ದಿನವೂ ಕೊಳ ನೋಡಲು ಪುರುಸೊತ್ತಿಲ್ಲದ ಮನೆ: ಈ ಮೂರೂ ಇದ್ದರೆ ಯಂತ್ರ ತೆಗೆದುಕೊಳ್ಳಿ. ಇಲ್ಲದಿದ್ದರೆ ಬೇಡ.

ಓಝೋನ್, ಯುವಿ ದೀಪ ಮಾರಲು ಬಂದವರಿಗೆ ಒಂದೇ ಮಾತು ಹೇಳಿ. ಅವು ಪೈಪಿನೊಳಗೆ ಹಾದುಹೋಗುವ ನೀರನ್ನು ಶುದ್ಧ ಮಾಡುತ್ತವೆ, ಕೊಳದಲ್ಲಿ ಉಳಿದು ಕಾಯುವುದಿಲ್ಲ. ಅವಿದ್ದರೂ ಕ್ಲೋರಿನ್ ಬೇಕೇ ಬೇಕು.

ಯಾವುದನ್ನು ಆರಿಸಿದರೂ ಪಿಎಚ್ 7.2ರಿಂದ 7.8ರ ಒಳಗಿರಲಿ. 7.5ರಲ್ಲಿ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಬಲಶಾಲಿ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಮೆದು ನೀರಿನವರು ಕ್ಷಾರೀಯತೆಯನ್ನೂ, ಅಂದರೆ ಪಿಎಚ್ ಏರುಪೇರಾಗದಂತೆ ಹಿಡಿದಿಡುವ ಗುಣವನ್ನೂ ನೋಡಬೇಕು. 80ರಿಂದ 120 ಪಿಪಿಎಂ ಇರಬೇಕು. ಕಡಿಮೆ ಇದ್ದರೆ ಅಡಿಗೆ ಸೋಡಾ ಸಾಕು, ನಮ್ಮ ಕೊಳದಲ್ಲಿ 10 ಪಿಪಿಎಂ ಏರಿಸಲು ಸುಮಾರು 700 ಗ್ರಾಂ.

ಟೆಸ್ಟ್ ಕಿಟ್ ಕೊಳ್ಳುವಾಗ ಹಳದಿ ಬಣ್ಣ ಬರುವ ಅಗ್ಗದ ಕಿಟ್ ಬೇಡ. ಅದು ದಣಿದ ಕ್ಲೋರಿನ್ನನ್ನೂ ಕೆಲಸ ಮಾಡುವ ಕ್ಲೋರಿನ್ನನ್ನೂ ಒಟ್ಟಿಗೇ ತೋರಿಸುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತೆಗೆದುಕೊಳ್ಳಿ. ಸಯನ್ಯೂರಿಕ್ ಆಮ್ಲ ಮತ್ತು ಗಡಸುತನ ನೋಡುವ ಕಿಟ್ ಸ್ವಲ್ಪ ದುಬಾರಿ. ಒಂದು ಟ್ಯಾಂಕರ್ ಉಳಿದರೆ ಅದರ ದುಡ್ಡಿನಲ್ಲಿ ಒಳ್ಳೆಯ ಪಾಲು ವಾಪಸ್ ಬಂದ ಹಾಗೆ.

ಸುರಕ್ಷತೆಯ ಬಗ್ಗೆ ಎರಡು ಮಾತು, ಗಟ್ಟಿಯಾಗಿ. ಟಿಸಿಸಿಎ ಮಾತ್ರೆಗೆ ಬಳಸಿದ ಡಬ್ಬಿ, ಚಮಚ, ಫೀಡರ್‌ಗೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸೋಕಬಾರದು. ಎರಡೂ ಬೆರೆತರೆ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಆಸಿಡ್ ಮತ್ತು ದ್ರವ ಕ್ಲೋರಿನ್ ಕ್ಯಾನ್‌ಗಳನ್ನು ಒಂದೇ ಮೂಲೆಯಲ್ಲಿ ಇಡಬೇಡಿ. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಪಂಪ್ ರೂಮ್‌ನಂಥ ಇಕ್ಕಟ್ಟಿನ ಜಾಗದಲ್ಲಿ ಅದು ಜೀವ ತೆಗೆಯುತ್ತದೆ.

ಕೊಳಕ್ಕೆ ಸೇರಿಸುವ ನೀರು ಯಾವುದು?

ಬಿರು ಬೇಸಿಗೆಯಲ್ಲಿ ಬಯಲುಸೀಮೆಯ ತೆರೆದ ಕೊಳದಿಂದ ದಿನಕ್ಕೆ 6 ಮಿಲಿಮೀಟರ್ ಆವಿಯಾಯಿತು ಎಂದುಕೊಳ್ಳಿ. ನಮ್ಮ ಕೊಳದಲ್ಲಿ ಅದು 190 ಲೀಟರ್. ಆವಿಯಾಗುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ಅಷ್ಟೇ ನೀರನ್ನು 500 ಪಿಪಿಎಂ ಗಡಸುತನದ ಬೋರ್‌ವೆಲ್‌ನಿಂದ ತುಂಬಿಸಿದರೆ ತಿಂಗಳಿಗೆ 70 ಪಿಪಿಎಂ ಗಡಸುತನ ಏರುತ್ತದೆ. ಏನೂ ತಪ್ಪು ಮಾಡದೆಯೇ! ನೀರಿನ ಗೆರೆಯಲ್ಲಿ ಟೈಲ್ಸ್ ಬೆಳ್ಳಗಾಗುವುದು ಇದರಿಂದಲೇ.

ಹೊದಿಕೆ ಹಾಕಿದರೆ ಈ ಆವಿಯಲ್ಲಿ ಬಹುಪಾಲು ನಿಲ್ಲುತ್ತದೆ, ಕ್ಲೋರಿನ್ ಕೂಡ ಉಳಿಯುತ್ತದೆ. ಹೊದಿಕೆಗೆ ಕೊಟ್ಟ ದುಡ್ಡು ಬೇರೆ ಯಾವ ಸಾಮಾನಿಗಿಂತಲೂ ಬೇಗ ವಾಪಸ್ ಬರುತ್ತದೆ ಎನ್ನುವುದು ನನ್ನ ನಂಬಿಕೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ತೇಲುವ ಗುಳ್ಳೆ ಹಾಳೆ ಬೇಡ. ಮಗು ಅದರ ಮೇಲೆ ಕಾಲಿಟ್ಟರೆ ಹಾಳೆಯ ಅಡಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿಂದ ಕಾಣುವುದೂ ಇಲ್ಲ. ಅಂಥ ಮನೆಗೆ ಸುತ್ತ ಬೀಗದ ಬೇಲಿ, ಅಂಚಿಗೆ ಬಿಗಿಯಾಗಿ ಕಟ್ಟುವ ಗಟ್ಟಿ ಹೊದಿಕೆ.

ಇನ್ನೊಂದು ಮೂಲ ಮಳೆ. ಚಾವಣಿಯ ಮಳೆ ನೀರಿನಲ್ಲಿ ಸುಣ್ಣ ಇಲ್ಲ. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಬೆಂಗಳೂರಿನಲ್ಲಿ ದೊಡ್ಡ ನಿವೇಶನದ ಮನೆಗಳಿಗೆ ಮಳೆ ನೀರು ಸಂಗ್ರಹ ಹೇಗೂ ಕಡ್ಡಾಯ. ಮೊದಲ ಮಳೆಯ ಕೊಳಕು ನೀರನ್ನು ಹೊರಬಿಟ್ಟು, ಉಳಿದದ್ದನ್ನು ಸೋಸಿ ಸಂಪ್‌ನಲ್ಲಿಡಿ. ಗಡಸು ನೀರಿನ ಕೊಳಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಕರಾವಳಿಯವರಿಗೆ ಬೇರೆಯೇ ಪರೀಕ್ಷೆ. ಬಿಳಿ ಬಕೆಟ್‌ನಲ್ಲಿ ಬಾವಿ ನೀರು ತೆಗೆದುಕೊಂಡು ಒಂದು ಚಮಚ ದ್ರವ ಕ್ಲೋರಿನ್ ಹಾಕಿ. ಸ್ವಲ್ಪ ಹೊತ್ತಿನಲ್ಲಿ ಕಂದು ಬಣ್ಣ ಬಂದರೆ ಕಬ್ಬಿಣ ಇದೆ. ಅಂಥ ನೀರನ್ನು ನೇರ ಕೊಳಕ್ಕೆ ಬಿಟ್ಟರೆ ಗೋಡೆಯೆಲ್ಲ ಕಲೆ. ಮೊದಲು ಟ್ಯಾಂಕಿಗೆ ಎತ್ತರದಿಂದ ಬೀಳಿಸಿ ಗಾಳಿಯಾಡಿಸಿ, ತಂಗಲು ಬಿಟ್ಟು, ತಿಳಿಯನ್ನು ಬಳಸಿ. ಅಡಿಕೆ ತೋಟದ ಮನೆಗಳಲ್ಲಿ ಪಾಚಿಗೆ ಮೈಲುತುತ್ತ ಹಾಕುವ ಅಭ್ಯಾಸವೂ ಇದೆ, ಕೈಗೆ ಸುಲಭವಾಗಿ ಸಿಗುತ್ತದಲ್ಲ. ಪಾಚಿ ಸಾಯುತ್ತದೆ ನಿಜ. ಆದರೆ ಕ್ಲೋರಿನ್ ಜೊತೆ ತಾಮ್ರ ಸೇರಿ ಗೋಡೆಗೆ ಕಲೆ, ತಲೆಗೂದಲಿಗೆ ಹಸಿರು ಛಾಯೆ ಬರುತ್ತದೆ. ಅದರ ಬದಲು ಗೋಡೆ ಉಜ್ಜಿ, ಸಂಜೆ ಕ್ಲೋರಿನ್ ಮಟ್ಟವನ್ನು 10 ಪಿಪಿಎಂ ದಾಟಿಸಿ, ರಾತ್ರಿಯಿಡೀ ಫಿಲ್ಟರ್ ಓಡಿಸಿ. ಮಟ್ಟ ಮತ್ತೆ 3ಕ್ಕೆ ಇಳಿಯುವ ತನಕ ಯಾರೂ ಇಳಿಯಬಾರದು.

ಫಿಲ್ಟರ್ ಮತ್ತು ಪಂಪ್

ಮರಳಿನ ಫಿಲ್ಟರ್, ಮಡಿಕೆ ಹಾಳೆಯ ಕಾರ್ಟ್ರಿಜ್ ಫಿಲ್ಟರ್: ಮನೆಯ ಮಟ್ಟಿಗೆ ಈ ಎರಡರ ನಡುವೆಯೇ ಆಯ್ಕೆ. ಮರಳು 20ರಿಂದ 40 ಮೈಕ್ರಾನ್ ಗಾತ್ರದ ಕಸ ಹಿಡಿಯುತ್ತದೆ. ಕಾರ್ಟ್ರಿಜ್ 10ರಿಂದ 20. ನೀರು ಹೊಳೆಯಬೇಕಾದರೆ ಕಾರ್ಟ್ರಿಜ್ ಮುಂದು. ಮರಳಿಗೆ ಬ್ಯಾಕ್‌ವಾಷ್ ಬೇಕು. 24 ಇಂಚಿನ ಫಿಲ್ಟರ್ ಮೂರು ನಿಮಿಷದಲ್ಲಿ 600ರಿಂದ 700 ಲೀಟರ್ ಹೊರಚೆಲ್ಲುತ್ತದೆ. ವಾರಕ್ಕೊಮ್ಮೆ ಎಂದರೆ ತಿಂಗಳಿಗೆ 2,500 ಲೀಟರ್ ದಾಟಿತು. ಕಾರ್ಟ್ರಿಜ್ ತೊಳೆಯಲು ಇದರಲ್ಲಿ ಸಣ್ಣ ಪಾಲು ಸಾಕು.

ಹಾಗಾದರೆ ಎಲ್ಲರೂ ಕಾರ್ಟ್ರಿಜ್ ಹಾಕಬಹುದಲ್ಲ? ಆಗುವುದಿಲ್ಲ. ಸುತ್ತ ಕೆಂಪು ಮಣ್ಣಿನ ಧೂಳು, ಎಲೆ, ಹೂವು ಬೀಳುವ ಜಾಗದಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಪ್ರತಿ ಸಲ ಬಿಚ್ಚಿ ಮಡಿಕೆ ಮಡಿಕೆಯಾಗಿ ತೊಳೆಯಲು ತಾಳ್ಮೆ ಬೇಕು, ಎರಡು ಮೂರು ವರ್ಷಕ್ಕೆ ಹೊಸದು ಹಾಕಬೇಕು. ನೀರು ಕೊಂಡು ತರುವ, ನಾಲ್ಕು ಜನ ಈಜುವ ನಗರದ ಮನೆಗೆ ಕಾರ್ಟ್ರಿಜ್ ಸರಿ. ವಾರಾಂತ್ಯಕ್ಕೆ ಇಪ್ಪತ್ತು ಜನ ಬಂದು ಇಳಿಯುವ ಕೊಡಗಿನ, ಚಿಕ್ಕಮಗಳೂರಿನ ಹೋಮ್‌ಸ್ಟೇಗೆ ಮರಳೇ ಸರಿ.

ಮರಳು ಇಟ್ಟುಕೊಂಡವರು ವಾರದ ಲೆಕ್ಕ ಬಿಟ್ಟು ಪ್ರೆಷರ್ ಗೇಜ್ ನೋಡಿ. ಶುದ್ಧವಾಗಿದ್ದಾಗ ಇದ್ದ ಒತ್ತಡಕ್ಕಿಂತ 8ರಿಂದ 10 ಪಿಎಸ್ಐ ಏರಿದಾಗ ಬ್ಯಾಕ್‌ವಾಷ್ ಮಾಡಿದರೆ ಸಾಕು. ಸ್ವಲ್ಪ ಕಸ ಹಿಡಿದ ಮರಳು ಹೊಸ ಮರಳಿಗಿಂತ ಚೆನ್ನಾಗಿಯೇ ಸೋಸುತ್ತದೆ. ಐದರಿಂದ ಏಳು ವರ್ಷಕ್ಕೆ ಮರಳು ಬದಲಿಸುವಾಗ ಮನೆ ಕಟ್ಟಲು ತಂದ ಮರಳು ತುಂಬಬೇಡಿ. ಒಂದೇ ಗಾತ್ರದ ಸಿಲಿಕಾ ಮರಳು ಬೇಕು. ಫಿಲ್ಟರ್‌ನಲ್ಲಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ತಿರುಗಿಸುವ ಮೊದಲು ಪಂಪ್ ಆಫ್ ಮಾಡಲೇಬೇಕು. ಓಡುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ. ಆಮೇಲೆ ಕೊಳದ ನೀರು ಸುಮ್ನೆ ವೇಸ್ಟ್ ಪೈಪ್‌ನಲ್ಲಿ ಹರಿದುಹೋಗುತ್ತಿರುತ್ತದೆ, ಮನೆಯವರು ಗೋಡೆ ಸೋರುತ್ತಿದೆ ಎಂದುಕೊಳ್ಳುತ್ತಾರೆ.

ಪಂಪ್ ವಿಷಯ ಚಿಕ್ಕದು. ವೇಗ ಬದಲಿಸಬಹುದಾದ ಪಂಪ್ ದುಬಾರಿ, ಆದರೆ ವೇಗ ಅರ್ಧಕ್ಕಿಳಿದರೆ ವಿದ್ಯುತ್ ಎಂಟನೇ ಒಂದಕ್ಕಿಳಿಯುತ್ತದೆ. ಅಷ್ಟೇ ನೀರು ತಿರುಗಿಸಲು ಎರಡು ಪಟ್ಟು ಹೊತ್ತು ಓಡಿಸಿದರೂ ಲೆಕ್ಕದಲ್ಲಿ ಕಾಲು ಭಾಗ ಯೂನಿಟ್ ಸಾಕು. ಒಂದು ಎಚ್‌ಪಿ ಪಂಪ್ ದಿನಕ್ಕೆ 8 ಗಂಟೆ ಓಡಿದರೆ ಸುಮಾರು 8 ಯೂನಿಟ್ ಆಗುವುದನ್ನು ನೆನೆದರೆ ಇದು ದೊಡ್ಡ ಉಳಿತಾಯ. ವೋಲ್ಟೇಜ್ ಏರಿಳಿಯುವ ಹಳ್ಳಿಯಲ್ಲಿ ಮಾತ್ರ ಅದರ ಎಲೆಕ್ಟ್ರಾನಿಕ್ಸ್ ಸುಡುವ ಭಯ ಇದೆ. ಅಲ್ಲಿಗೆ ಸಾಧಾರಣ ಪಂಪ್ ವಾಸಿ. ಹತ್ತಿರದ ವೈಂಡಿಂಗ್ ಅಂಗಡಿಯಲ್ಲೇ ರಿಪೇರಿ ಆಗುತ್ತದೆ. ಪಂಪ್ ಗುಂಯ್ ಎಂದು ಸದ್ದು ಮಾಡಿ ತಿರುಗದಿದ್ದರೆ ಮೊದಲು ಕೆಪಾಸಿಟರ್ ನೋಡಿಸಿ. ಮೋಟಾರಿಗೂ ಪಂಪಿಗೂ ನಡುವೆ ನೀರು ತೊಟ್ಟಿಕ್ಕಿದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ. ಅದು ಕಡಿಮೆ ಖರ್ಚಿನ ಕೆಲಸ. ತಿಂಗಳು ಬಿಟ್ಟರೆ ಬೇರಿಂಗ್‌ಗೆ ನೀರು ಹೋಗಿ ಮೋಟಾರೇ ಹೋಗುತ್ತದೆ.

ಸೋರಿಕೆ: ಒಡೆಯುವ ಮೊದಲು ಹುಡುಕಿ

ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ಇಡಿ. ಅದರಲ್ಲಿ ಕೊಳದ ನೀರನ್ನೇ ತುಂಬಿ, ಒಳಗಿನ ಮಟ್ಟಕ್ಕೂ ಕೊಳದ ಮಟ್ಟಕ್ಕೂ ಗುರುತು ಹಾಕಿ. ಒಂದು ದಿನ ಪಂಪ್ ನಿಲ್ಲಿಸಿ ನೋಡಿ, ಇನ್ನೊಂದು ದಿನ ಓಡಿಸಿ ನೋಡಿ. ಎರಡೂ ಸಮವಾಗಿ ಇಳಿದರೆ ಅದು ಆವಿ, ಸೋರಿಕೆಯಲ್ಲ. ಕೊಳ ಜಾಸ್ತಿ ಇಳಿದರೆ ಸೋರಿಕೆ. ನಮ್ಮ ಕೊಳದಲ್ಲಿ 1 ಸೆಂಟಿಮೀಟರ್ ಅಂದರೆ 320 ಲೀಟರ್. ಪಂಪ್ ಓಡುವಾಗ ಮಾತ್ರ ಹೆಚ್ಚು ಇಳಿದರೆ ನೀರು ವಾಪಸ್ ಬರುವ ಪೈಪ್ ಮೇಲೆ ಅನುಮಾನ ಇಡಿ. ಓಡಿದರೂ ನಿಂತರೂ ಒಂದೇ ಥರ ಇಳಿದರೆ ಕೊಳದ ಮೈಯಲ್ಲೇ ತೂತು. ಪಂಪ್ ನಿಲ್ಲಿಸಿ ಇಳಿಯಲು ಬಿಟ್ಟಾಗ ನೀರು ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲೇ ದೋಷ ಇರುವುದು ಹೆಚ್ಚು. ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರ್‌ನ ಬಾಯಿಯ ಕೆಳಗೆ ನಿಂತರೆ ಸ್ಕಿಮ್ಮರ್ ಮತ್ತು ಗೋಡೆಯ ಸಂದು. ದೀಪದ ಮಟ್ಟದಲ್ಲಿ ನಿಂತರೆ ದೀಪದ ವೈರ್ ಹೋಗುವ ಕೊಳವೆ. ಅಲ್ಲಿಗೆ ಸಿರಿಂಜ್‌ನಿಂದ ನಾಲ್ಕು ಹನಿ ಬಣ್ಣ ಬಿಟ್ಟರೆ ಅದು ತೂತಿನ ಕಡೆಗೆ ಎಳೆದುಕೊಂಡು ಹೋಗುವುದು ಕಣ್ಣಿಗೇ ಕಾಣುತ್ತದೆ. ಅಂಚಿನಿಂದ ಉಕ್ಕಿ ಹರಿಯುವ ಕೊಳವಾದರೆ ಆ ನೀರು ಸೇರುವ ಬ್ಯಾಲೆನ್ಸಿಂಗ್ ಟ್ಯಾಂಕನ್ನೂ ಬೇರೆಯಾಗಿ ಇದೇ ರೀತಿ ಪರೀಕ್ಷಿಸಿ. ಆ ಟ್ಯಾಂಕ್‌ಗೆ ವಾಟರ್‌ಪ್ರೂಫಿಂಗ್ ಅರೆಬರೆ ಮಾಡಿರುವುದು ತುಂಬಾ ಕಂಡುಬರುತ್ತದೆ.

ಇಷ್ಟು ಮಾಡದೆ ಟೈಲ್ಸ್ ಒಡೆಯಲು ಯಾರಿಗೂ ಬಿಡಬೇಡಿ.

ದೋಷ ಸಿಕ್ಕ ಮೇಲೆ ರಿಪೇರಿಯ ಆಯ್ಕೆಗಳು. ಸ್ಕಿಮ್ಮರ್ ಸಂದು, ದೀಪದ ಕೊಳವೆ, ಸಣ್ಣ ಸೀಳು ಇವುಗಳಿಗೆ ನೀರಿನೊಳಗೇ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ಇದೆ. ಒಂದು ಲೀಟರ್ ನೀರೂ ಚೆಲ್ಲಬೇಕಿಲ್ಲ. ತಾತ್ಕಾಲಿಕ ಎಂದು ಕೆಲವರು ಮೂಗು ಮುರಿಯುತ್ತಾರೆ. ಜಾಗ ಚೆನ್ನಾಗಿ ಕೆರೆದು ಹಚ್ಚಿದರೆ ವರ್ಷಗಳ ಕಾಲ ನಿಲ್ಲುತ್ತದೆ.

ಟೈಲ್ಸ್ ಗಟ್ಟಿಯಾಗಿದ್ದು ಸಂದುಗಳು ಮಾತ್ರ ಉದುರುತ್ತಿದ್ದರೆ ಸಂದು ಕೆರೆದು ಮತ್ತೆ ತುಂಬಿಸಿ. ಗಾರೆಯವರು ಅಭ್ಯಾಸಬಲದಿಂದ ವೈಟ್ ಸಿಮೆಂಟ್ ಹಾಕಲು ಬರುತ್ತಾರೆ. ಬಚ್ಚಲುಮನೆಗೆ ಅದು ಸಾಕು, ಕೊಳಕ್ಕೆ ಸಾಲದು. ಆಸಿಡ್, ಕ್ಲೋರಿನ್, ಮೆದು ನೀರು ಮೂರೂ ಅದನ್ನು ತಿನ್ನುತ್ತವೆ. ಎಪಾಕ್ಸಿ ಗ್ರೌಟ್ ಹಲವು ಪಟ್ಟು ದುಬಾರಿ, ಬೇಗ ಗಟ್ಟಿಯಾಗುವುದರಿಂದ ಕೈ ಪಳಗಿದವರೇ ಬೇಕು. ಆದರೂ ಅದನ್ನೇ ಹಾಕಿಸಿ. ಇನ್ನೊಂದು ಸಲ ಕೊಳ ಖಾಲಿ ಮಾಡುವ ಖರ್ಚಿನ ಮುಂದೆ ಆ ವ್ಯತ್ಯಾಸ ದೊಡ್ಡದಲ್ಲ.

ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದೆ, ಹಲವು ಕಡೆ ಎದ್ದಿದೆ ಎಂದರೆ ಎರಡು ದಾರಿ. ಎಲ್ಲ ಕಿತ್ತು, ಬಿರುಕು ತುಂಬಿ, ಪಾಲಿಮರ್ ಬೆರೆಸಿದ ವಾಟರ್‌ಪ್ರೂಫಿಂಗ್ ಕೋಟ್ ಹಚ್ಚಿ, ನೀರು ನಿಲ್ಲಿಸಿ ಪರೀಕ್ಷಿಸಿ, ಮತ್ತೆ ಟೈಲ್ಸ್ ಹಾಕುವುದು ಒಂದು. ಇದಕ್ಕೆ ವಾರಗಳು ಹಿಡಿಯುತ್ತವೆ, ಎರಡು ಸಲ ನೀರು ಬೇಕು. ನೆಲ ಗಟ್ಟಿಯಾಗಿದ್ದು ಗೋಡೆ ಕದಲದಿದ್ದರೆ ಇದೇ ಹೆಚ್ಚು ಕಾಲ ಬಾಳುತ್ತದೆ. ಎದ್ದ ಟೈಲ್ಸ್ ಮಾತ್ರ ತೆಗೆದು ಸಮ ಮಾಡಿ, ಮೇಲೆ 1.5 ಮಿಲಿಮೀಟರ್ ದಪ್ಪದ ಬಲೆ ಇರುವ ಪಿವಿಸಿ ಹಾಳೆಯನ್ನು ಬಿಸಿ ಗಾಳಿಯಿಂದ ಬೆಸೆದು ಹೊದಿಸುವುದು ಇನ್ನೊಂದು. ಕಪ್ಪು ಎರೆಮಣ್ಣಿನ ಜಾಗದಲ್ಲಿ, ಅಂದರೆ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ನೆಲದಲ್ಲಿ, ನಾನು ಪಿವಿಸಿ ಹಾಳೆಯನ್ನೇ ಆರಿಸುತ್ತೇನೆ. ಗೋಡೆಯಲ್ಲಿ ಕೂದಲೆಳೆ ಬಿರುಕು ಬಂದರೂ ಹಾಳೆ ಹರಿಯುವುದಿಲ್ಲ. ಅದರ ಮೇಲೆ ಕ್ಲೋರಿನ್ ಮಾತ್ರೆ ಬೀಳದಂತೆ ನೋಡಿಕೊಳ್ಳಬೇಕು, ಬಿದ್ದಲ್ಲಿ ಬಣ್ಣ ಹೋಗುತ್ತದೆ. ಎಫ್‌ಆರ್‌ಪಿ, ಅಂದರೆ ಫೈಬರ್‌ಗ್ಲಾಸ್ ಲೇಪನ ಅಗ್ಗ, ನೋಡಲೂ ಚೆಂದ. ಆದರೆ ಹಸಿ ಕಾಂಕ್ರೀಟ್ ಮೇಲೆ ಹಚ್ಚಿದರೆ ಗುಳ್ಳೆ ಎದ್ದು ಬಿಡಿಸಿಕೊಳ್ಳುತ್ತದೆ. ಗೋಡೆಯನ್ನು ಪೂರ್ತಿ ಒಣಗಿಸಲು ಸಮಯ ಕೊಡುತ್ತೇವೆ ಎಂದು ಒಪ್ಪಿದವರಿಗೆ ಮಾತ್ರ ಆ ಕೆಲಸ ಕೊಡಿ.

ಖಾಲಿ ಮಾಡಲೇಬೇಕಾದಾಗ ತಿಂಗಳು ನೋಡಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಬೇಡವೇ ಬೇಡ. ನೆಲದಡಿಯ ನೀರು ಮೇಲೆ ಬಂದಿರುತ್ತದೆ. ಖಾಲಿ ಕೊಳವನ್ನು ಅದು ಕೆಳಗಿನಿಂದ ಒತ್ತುತ್ತದೆ. ಕಾಂಕ್ರೀಟ್ ಆದರೆ ಬಿರುಕು, ಫೈಬರ್ ಕೊಳವಾದರೆ ಇಡಿಯಾಗಿ ಮೇಲೇಳುವುದೂ ಉಂಟು. ಪಕ್ಕದ ಬಾವಿಯ ನೀರು ಕೊಳದ ತಳಕ್ಕಿಂತ ಕೆಳಗಿಳಿದ ಮೇಲೆ, ಫೆಬ್ರವರಿ ಹೊತ್ತಿಗೆ ಮಾಡಿ. ಬಯಲುಸೀಮೆಯಲ್ಲಿ ನವೆಂಬರ್, ಡಿಸೆಂಬರ್ ಒಳ್ಳೆಯದು. ಬಿಸಿಲು ಕಡಿಮೆ, ಟೈಲ್ಸ್ ಕಾಯುವುದಿಲ್ಲ, ಮರುತುಂಬಿಸಲು ನೀರೂ ಸಿಗುತ್ತದೆ. ಹಳೆಯ ನೀರನ್ನು ಕೆಲವು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಟ್ಟು, ಆಮೇಲೆ ನೆಲ ತೊಳೆಯಲು, ರಿಪೇರಿಯ ಕ್ಯೂರಿಂಗ್‌ಗೆ ಬಳಸಬಹುದು. ಉಪ್ಪಿನ ಯಂತ್ರದ ನೀರಾದರೆ ಕ್ಯೂರಿಂಗ್‌ಗೂ ಬೇಡ, ಕಬ್ಬಿಣ ತುಕ್ಕು ಹಿಡಿಯುತ್ತದೆ.

ನೀವೇ ಮಾಡುವುದೋ, ಕಾಂಟ್ರ್ಯಾಕ್ಟ್ ಕೊಡುವುದೋ

ಕ್ಲೋರಿನ್ ಹಾಕುವುದು, ಉಜ್ಜುವುದು, ಗೇಜ್ ನೋಡುವುದು ದಿನಕ್ಕೆ ಸ್ವಲ್ಪ ಹೊತ್ತಿನ ಕೆಲಸ. ಮನೆಯಲ್ಲೇ ಒಬ್ಬರು ಕಲಿತರೆ ನೀರು ಹೆಚ್ಚು ಚೆನ್ನಾಗಿರುತ್ತದೆ ಎನ್ನುವುದು ನನ್ನ ಅನುಭವ. ವರ್ಷದ ಕಾಂಟ್ರ್ಯಾಕ್ಟ್ ಕೊಡುವುದಾದರೆ ಬರೀ "ವಾರಕ್ಕೆ ಮೂರು ದಿನ ಬರುತ್ತೇವೆ" ಎನ್ನುವ ಮಾತಿಗೆ ಒಪ್ಪಬೇಡಿ. ಬಂದಾಗಲೆಲ್ಲ ಕ್ಲೋರಿನ್, ಪಿಎಚ್. ತಿಂಗಳಿಗೊಮ್ಮೆ ಕ್ಷಾರೀಯತೆ, ಗಡಸುತನ, ಸಯನ್ಯೂರಿಕ್ ಆಮ್ಲ ಅಳೆದು ಪುಸ್ತಕದಲ್ಲಿ ಬರೆಯಬೇಕು. ಯಾವ ಕ್ಲೋರಿನ್ ಹಾಕುತ್ತಾರೆ ಎಂದು ಕಾಗದದಲ್ಲೇ ಇರಲಿ. ಕಾಂಟ್ರ್ಯಾಕ್ಟಿನವರಿಗೆ ಮಾತ್ರೆ ಅನುಕೂಲ, ಟ್ಯಾಂಕರ್ ದುಡ್ಡು ಕೊಡುವವರು ನೀವು.

ಇಲ್ಲಿಯವರೆಗಿನದೆಲ್ಲ ತೂಗಿ ನೋಡಿ ಆರಿಸುವ ವಿಷಯ. ಎರಡು ಕೆಲಸಗಳಿಗೆ ಆಯ್ಕೆಯೇ ಇಲ್ಲ. ತಳದ ಡ್ರೇನ್ ಮುಚ್ಚಳ ಒಡೆದಿದ್ದರೆ, ಸಡಿಲವಾಗಿದ್ದರೆ, ಪಂಪಿನ ಎಳೆತಕ್ಕೆ ಮಗುವಿನ ಕೂದಲೋ ಕೈಯೋ ಸಿಕ್ಕಿಕೊಂಡರೆ ದೊಡ್ಡವರೂ ಬಿಡಿಸಲಾರರು. ಹೊಸ ಮುಚ್ಚಳ ಕೂರಿಸುವ ತನಕ ಪಂಪ್ ಓಡಬಾರದು, ಯಾರೂ ನೀರಿಗಿಳಿಯಬಾರದು. ಕೊಳದ ದೀಪ ಮತ್ತು ಪಂಪಿನ ಲೈನ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ ಇಲ್ಲದಿದ್ದರೂ ಹಾಗೆಯೇ. ಎಲೆಕ್ಟ್ರಿಷಿಯನ್ ಬಂದು ಅದನ್ನು ಹಾಕಿ, ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುವುದನ್ನು ನಿಮ್ಮೆದುರೇ ತೋರಿಸಲಿ. ಆಮೇಲೆ ತಿಂಗಳಿಗೊಮ್ಮೆ ಆ ಬಟನ್ ನೀವೇ ಒತ್ತಿ ನೋಡಿ.